ಕಪ್ಪುಬಿಳುಪು ಬೀದಿಯ ಮ್ಯಾಚಿಂಗ್ ಸೆಂಟರ್

ನಮ್ಮೂರಲ್ಲಿ ಫೋಟೋ ಸ್ಪರ್ಧೆಯ ಫಲಿತಾಂಶ ಹೇಳುವ ದಿನ ಒಲೆ ಹಚ್ಚುವುದೇ ದಂಡ. ಹಚ್ಚಿದರೆ ಅನ್ನ ಸೀಯುತ್ತದೆ, ಹಾಲು ಉಕ್ಕುತ್ತದೆ, ಏಕೆಂದರೆ ಎಲ್ಲರ ಕಿವಿಯೂ ಪುರಭವನದ ಕಡೆಗೇ ಇರುತ್ತದೆ. ಬಹುಮಾನ ಬಂದ ಫೋಟೋಗಳನ್ನು ಅಲ್ಲಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಮೊಳೆ ಒಳಗೆ ಹೋಯಿತು ಅಂದರೆ ಮುಗಿಯಿತು, ಆ ಫೋಟೋ ತೆಗೆದ ಬೀದಿ ಇಡೀ ವರ್ಷ ಆ ಫೋಟೋದಲ್ಲಿ ಇದ್ದ ಹಾಗೆಯೇ ಇರುತ್ತದೆ. ಮುಂದಿನ ವರ್ಷ ಮೊಳೆ ಕಿತ್ತ ಮೇಲೇ ಅದಕ್ಕೆ ಬಿಡುಗಡೆ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದು ಮಳೆ ಬಿಸಿಲು ಇದ್ದ ಹಾಗೆ, ನೋಡಿಕೊಂಡು ಮನೆಯಿಂದ ಹೊರಡುವುದು ಅಷ್ಟೆ.

ಹೋದ ವರ್ಷ ಕೊಳದ ಬೀದಿಗೆ ಬಿದ್ದದ್ದು ನೀರಿನ ಪ್ರತಿಬಿಂಬದ ಫೋಟೋ. ವರ್ಷವಿಡೀ ಅಲ್ಲಿ ನಡೆಯುವವರ ಕಾಲಡಿಯಲ್ಲಿ ಅವರೇ ತಲೆಕೆಳಗಾಗಿ ನಡೆಯುತ್ತಿದ್ದರು. ಆ ಬೀದಿಯ ಗಂಡಸರು ಪಂಚೆ ಬಿಟ್ಟು ಪ್ಯಾಂಟಿಗೆ ಬಂದದ್ದು ಆಗಲೇ. ಅದಕ್ಕೂ ಮೊದಲು ಪೊಲೀಸ್ ಠಾಣೆ ರಸ್ತೆಗೆ ಸಂಜೆ ಬೆಳಕಿನ ನೆರಳುಚಿತ್ರ ಬಿತ್ತು. ಅಲ್ಲಿ ಯಾರ ಮುಖವೂ ಕಾಣದು, ಎಲ್ಲರೂ ಬಂಗಾರದ ಬೆಳಕಿನ ಮುಂದೆ ನಿಂತ ಕಪ್ಪು ಆಕಾರಗಳು. ಇನ್ಸ್‌ಪೆಕ್ಟರ್ ಯಾರು, ಕಳ್ಳ ಯಾರು ಅಂತ ಗೊತ್ತಾಗದೆ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದರು. ಮದುವೆ ದಲ್ಲಾಳಿಗಳಂತೂ ಹೆಣ್ಣು ನೋಡುವ ಶಾಸ್ತ್ರವನ್ನೆಲ್ಲ ಆ ರಸ್ತೆಗೇ ಸಾಗಿಸಿದರು, ಅಲ್ಲಿ ಎಲ್ಲರ ಮೂಗೂ ನೆಟ್ಟಗೆ ಕಾಣುತ್ತಿತ್ತು. ತಾಳಿ ಕಟ್ಟಿದ ಮೇಲೆ ಪಕ್ಕದ ಬೀದಿಗೆ ಬಂದು ಮುಖ ನೋಡಿಕೊಂಡವರ ಕಥೆಯನ್ನು ನಾನು ಹೇಳುವುದಿಲ್ಲ. ಅದರಲ್ಲಿ ನನ್ನ ನಾದಿನಿಯೂ ಇದ್ದಾಳೆ.

ನಮ್ಮ ಗಾಣದ ಬೀದಿಗೆ ಮಾತ್ರ ಯಾವತ್ತೂ ಮೊಳೆ ಬಿದ್ದಿರಲಿಲ್ಲ. ಊರವರು ನಮ್ಮದನ್ನು ಮಾಮೂಲಿ ಬೀದಿ ಅಂತ ಕರೆಯುತ್ತಿದ್ದರು. ಬೀದಿಯ ಜನಕ್ಕೆ ಅದು ಅವಮಾನ, ನನಗೆ ಅದೇ ಬಂಗಾರ. ನಾನು ಅಂಬುಜಾಕ್ಷಿ. ಬೀದಿಯ ಆ ತುದಿಯಲ್ಲಿ ಅಂಬುಜಾ ಮ್ಯಾಚಿಂಗ್ ಸೆಂಟರ್ ಇಟ್ಟಿರುವವಳು. ಸೀರೆ ತನ್ನಿ, ಅದಕ್ಕೆ ಹೊಂದುವ ರವಿಕೆ ಬಟ್ಟೆ, ಫಾಲ್ಸು, ಲೈನಿಂಗು ಎಲ್ಲ ಒಂದೇ ಏಟಿಗೆ ತೆಗೆದು ಕೈಗಿಡುತ್ತೇನೆ. ಗಿಳಿಹಸಿರಿಗೂ ಎಳೆ ಬಾಳೆಲೆ ಹಸಿರಿಗೂ ವ್ಯತ್ಯಾಸ ಕಾಣದ ಹೆಂಗಸರನ್ನು ಕಂಡರೆ ನನಗೆ ಮರುಕ, ಗಂಡಸರಿಗೆ ಅದು ಕಂಡೀತು ಅನ್ನುವ ಆಸೆಯೇ ನನಗಿಲ್ಲ. ನಾನು ತಲೆಗೆ ಹಾಕುವ ಪಿನ್ನೂ ಸೆರಗಿನ ಬಣ್ಣದ್ದೇ. ಜಂಬ ಅಂದರೆ ಜಂಬ.

ಇಂಥವಳಿಗೆ ದೇವರು ಕೊಟ್ಟ ಗಂಡ ನಿಜಗುಣ. ನೀರು ಸರಬರಾಜು ಕಚೇರಿಯಲ್ಲಿ ಬೀದಿಬೀದಿಗೆ ನಲ್ಲಿ ನೀರು ಬಿಡುವ ಕೆಲಸ. ಉಳಿದ ಹೊತ್ತೆಲ್ಲ ಕ್ಯಾಮೆರಾ. ಅದೂ ಕಪ್ಪುಬಿಳುಪು ಫೋಟೋ ಮಾತ್ರ. ಫೋಟೋ ತೊಳೆಯುವುದಕ್ಕೆ ನಮ್ಮ ಬಚ್ಚಲುಮನೆಯನ್ನೇ ಕತ್ತಲೆಕೋಣೆ ಮಾಡಿಕೊಂಡಿದ್ದಾರೆ. ಊರಿಗೆಲ್ಲ ನೀರು ಬಿಡುವವರ ಹೆಂಡತಿ, ಸ್ನಾನಕ್ಕೆ ತಂಬಿಗೆ ಹಿಡಿದು ಬಾಗಿಲ ಹೊರಗೆ ಕಾಯಬೇಕು. ಮದುವೆಯಾದಾಗಿನಿಂದ ಪ್ರತಿ ವರ್ಷ ಸ್ಪರ್ಧೆಗೆ ಕಳಿಸುತ್ತಾರೆ, ಪ್ರತಿ ವರ್ಷ ಬರಿಗೈಯಲ್ಲಿ ಬರುತ್ತಾರೆ. ಬಂದ ಸಂಜೆ ಊಟ ಮಾಡುವುದಿಲ್ಲ, ಬೆಳಗ್ಗೆ ಎದ್ದು ಮತ್ತೆ ರೀಲು ಹಾಕುತ್ತಾರೆ.

ಈ ಸಲ ಬೀದಿಯಲ್ಲಿ ಗುಸುಗುಸು ಶುರುವಾಗಿತ್ತು. ಮುಖ್ಯ ತೀರ್ಪುಗಾರರಾದ ಡ್ರಾಯಿಂಗ್ ಮೇಷ್ಟ್ರು ಫಾಲಾಕ್ಷಯ್ಯನವರು ಒಂದು ಫೋಟೋವನ್ನು ಕೈಯಲ್ಲಿ ಹಿಡಿದು ಕೆಳಗಿಡಲಿಲ್ಲವಂತೆ. ಅದು ಕಪ್ಪುಬಿಳುಪಂತೆ. ಬೆಳಗ್ಗೆ ರೊಟ್ಟಿ ಬಡಿಸುತ್ತಾ ಕೇಳಿದೆ.

"ರೀ, ಈ ಸಲ ಯಾವ ಬೀದಿ ತೆಗೆದ್ರಿ?"

"ನಮ್ದೇ."

"ನಮ್ದೇ ಅಂದ್ರೆ?"

"ಗಾಣದ ಬೀದಿ ಕಣೇ. ಇನ್ಯಾವ್ದು ನಮ್ದು?"

"ಅದಕ್ಕೆ ಬಹುಮಾನ ಬಂದ್ರೆ ಬೀದಿ ಪೂರ್ತಿ ಕಪ್ಪುಬಿಳುಪಾಗತ್ತೆ. ಆಮೇಲೆ ನಾನು ಯಾವುದಕ್ಕೆ ಯಾವುದನ್ನ ಮ್ಯಾಚ್ ಮಾಡ್ಲಿ? ನಿಮ್ಮ ತಲೆಗೆ ನನ್ನ ತಲೆನಾ?"

"ಬರಲ್ಲ ಬಿಡು. ಯಾವತ್ತು ಬಂದಿದೆ?"

"ಬಂದ್ರೆ?"

ಬಂದರೆ ಹೇಗಿರುತ್ತದೆ ಅಂತ ಅವರು ಒಂದು ಗಳಿಗೆ ಯೋಚಿಸಿದರು ನೋಡಿ, ಮುಖ ಅರಳಿಹೋಯಿತು. ನನಗೆ ಉರಿದದ್ದೇ ಅದಕ್ಕೆ.

"ಬಂದ್ರೆ ಎದ್ದು ನಿಂತು ಒಲ್ಲೆ ಅಂತೀನಿ. ತುಂಬಿದ ಸಭೇಲಿ. ನೋಡ್ತಾ ಇರಿ."

"ಅನ್ನು," ಅಂದರು ಮೆಲ್ಲಗೆ, "ಅದು ನಿನ್ನ ಹಕ್ಕು." ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದರು.

ಹಕ್ಕು ನಿಜವೇ. ಮೊಳೆ ಹೊಡೆಯುವ ಮುಂಚೆ ಮೇಷ್ಟ್ರು ಸುತ್ತಿಗೆ ಎತ್ತಿ ಹಿಡಿದು ಕೇಳುತ್ತಾರೆ, ಬೀದಿಯವರಿಗೆ ಒಪ್ಪಿಗೆಯೇ ಅಂತ. ಆ ಬೀದಿಯಲ್ಲಿ ವಾಸ ಇರುವ ಯಾರಾದರೂ ಒಬ್ಬರು ಒಲ್ಲೆ ಅಂದರೂ ಸಾಕು, ಬಹುಮಾನ ರದ್ದು. ಆ ಫೋಟೋವನ್ನು ಮತ್ತೆ ಯಾವತ್ತೂ ಸ್ಪರ್ಧೆಗೆ ತರುವಂತಿಲ್ಲ. ಕ್ರೂರ ನಿಯಮ ಅನ್ನುತ್ತಾರೆ ಫೋಟೋ ತೆಗೆಯುವವರು. ಬೀದಿಯಲ್ಲಿ ಬಾಳುವವರು ನಾವು ಅನ್ನುತ್ತೇವೆ ನಾವು.

ಫಲಿತಾಂಶದ ದಿನ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹಡಿಯ ಕಿಟಕಿಗಳಿಂದ ಊರಿನ ಬೀದಿಗಳೆಲ್ಲ ಕಾಣುವುದರಿಂದ ಕಿಟಕಿ ಪಕ್ಕದ ಜಾಗಕ್ಕೆ ಬೆಳಗಿನಿಂದಲೇ ಕರ್ಚೀಫು ಹಾಕಿದ್ದರು. ನಾನು, ಪಕ್ಕದ ಅಂಗಡಿಯಲ್ಲಿ ರವಿಕೆ ಹೊಲಿಯುವ ನಸೀಮಾ ಒಟ್ಟಿಗೆ ಕೂತೆವು. ಯಜಮಾನರು ಗಂಡಸರ ಸಾಲಿನಲ್ಲಿ ಕೊನೆಗೆ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅಂಗಿಗೂ ಪ್ಯಾಂಟಿಗೂ ಹೊಂದುತ್ತಿರಲಿಲ್ಲ.

ಮೊದಲು ಸಮಾಧಾನಕರ ಬಹುಮಾನ. ಬೆಲ್ಲದ ಪೇಟೆಯಲ್ಲಿ ಬೆಲ್ಲದ ಅಚ್ಚಿನ ಮೇಲೆ ಕೂತ ಒಂದು ಇರುವೆ. ಅಷ್ಟು ಹತ್ತಿರದಿಂದ ತೆಗೆದದ್ದು ಎಂದರೆ ಇರುವೆಯ ಕಾಲಿನ ರೋಮ ಎಣಿಸಬಹುದು, ಬೆಲ್ಲದ ಹರಳು ಗುಡ್ಡದ ಹಾಗಿದೆ. ಸಭೆಯೆಲ್ಲ ಆಹಾ ಅಂದಿತು. ಮೇಷ್ಟ್ರು ಸುತ್ತಿಗೆ ಎತ್ತಿ, "ಬೆಲ್ಲದ ಪೇಟೆಯವರಿಗೆ ಒಪ್ಪಿಗೆಯೇ?" ಅಂದರು. ಹಿಂದಿನಿಂದ ಒಬ್ಬರು ಮಂಡಿ ವರ್ತಕರು ಎದ್ದು, "ಒಲ್ಲೆ! ವರ್ಷ ಪೂರ್ತಿ ನಮ್ಮನೆ ಜಿರಳೆ ಆ ಗಾತ್ರ ಕಂಡ್ರೆ ನಾನು ಉಳೀತೀನೇನ್ರೀ?" ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಫೋಟೋ ತೆಗೆದ ಹುಡುಗಿ ನಗಲಿಲ್ಲ. ಅವಳು ವೇದಿಕೆಯ ಮೆಟ್ಟಿಲು ಹತ್ತಿ ತನ್ನ ಇರುವೆಯನ್ನು ಕವರಿಗೆ ಹಾಕಿಕೊಂಡು ಇಳಿದು ಹೋಗುವಾಗ ಅವಳ ಮುಖ ನನಗೆ ಹತ್ತಿರದಿಂದ ಕಂಡಿತು. ಕಾಣದೆ ಇದ್ದಿದ್ದರೆ ಚೆನ್ನಾಗಿತ್ತು.

ಮೂರನೆಯ ಬಹುಮಾನ ಬಸ್ ಸ್ಟ್ಯಾಂಡ್ ರಸ್ತೆಗೆ. ಕೋಲಾಟ ಆಡುವ ಹೆಣ್ಣುಮಕ್ಕಳನ್ನು ಅವರು ಸುತ್ತುವಷ್ಟು ಹೊತ್ತೂ ಕ್ಯಾಮೆರಾದ ಕಣ್ಣು ತೆರೆದಿಟ್ಟು ತೆಗೆದದ್ದು, ಮುಖವಿಲ್ಲ ಕಾಲಿಲ್ಲ, ಬಣ್ಣದ ಸುಳಿ ಮಾತ್ರ. ಒಪ್ಪಿಗೆ ಅಂತ ರಸ್ತೆಗೆ ರಸ್ತೆಯೇ ಕೂಗಿತು. ಮೊಳೆ ಬಿದ್ದದ್ದೇ ತಡ, ಕಿಟಕಿಯ ಆಚೆ ಬಸ್ ಸ್ಟ್ಯಾಂಡಿನಲ್ಲಿ ಓಡುತ್ತಿದ್ದವರೆಲ್ಲ ಎಳೆದ ರಂಗೋಲಿಯಾದರು. ನಿಂತವರು ಮಾತ್ರ ಸರಿಯಾಗಿ ಕಾಣುತ್ತಿದ್ದರು. ಒಂದು ಕೆಂಪು ಬಸ್ಸು ಹೊರಟಿತು, ರಸ್ತೆಯುದ್ದಕ್ಕೂ ಕೆಂಪು ಪಟ್ಟೆ. ಜನ ಕುರ್ಚಿ ಹತ್ತಿ ಶಿಳ್ಳೆ ಹಾಕಿದರು. ಎರಡನೆಯದು ಆಸ್ಪತ್ರೆ ರಸ್ತೆಗೆ, ಮಂಜಿನಲ್ಲಿ ಒಂದೇ ಒಂದು ಹಳದಿ ಕೊಡೆ. ಒಪ್ಪಿಗೆ. ಮೊಳೆ. ಆಸ್ಪತ್ರೆ ರಸ್ತೆ ಹಾಲಿನಲ್ಲಿ ಅದ್ದಿದಂತೆ ಮೆತ್ತಗಾಯಿತು. ರೋಗಿಗಳ ಕಡೆಯವರು ಎಷ್ಟು ತಣ್ಣಗಿದೆ ಎಂದು ಕಣ್ಣೊರೆಸಿಕೊಂಡರು. ನಸೀಮಾ ನನ್ನ ಕೈ ಹಿಡಿದು ಕುಣಿಯುತ್ತಿದ್ದಳು, "ಅಂಬುಜಕ್ಕ, ನಾಳೆನೇ ಒಂದು ಹಳದಿ ಕೊಡೆ ತಗೊಳ್ಳೋಣ!" ನಾನು ಸೆರಗು ಸಿಕ್ಕಿಸಿಕೊಂಡು ಏಳಲು ತಯಾರಾದೆ.

"ಮೊದಲನೆಯ ಬಹುಮಾನ," ಅಂದರು ಮೇಷ್ಟ್ರು, "ಗಾಣದ ಬೀದಿ. ತೆಗೆದವರು ನಿಜಗುಣ."

ನಮ್ಮ ಬೀದಿಯವರು ಹುಚ್ಚು ಹಿಡಿದವರಂತೆ ಎದ್ದು ಕೂಗಿದರು. ನಾನೂ ಎದ್ದೆ, ಒಲ್ಲೆ ಅನ್ನುವುದಕ್ಕೆ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮೇಷ್ಟ್ರು ಫೋಟೋದ ಮೇಲಿನ ಬಟ್ಟೆ ತೆಗೆದರು.

ನಾನು ಬೀದಿ ಇರುತ್ತದೆ ಅಂದುಕೊಂಡಿದ್ದೆ. ಹಳೆಯ ಗಾಣದ ಕಲ್ಲು, ಮಾಡಿನ ಹೆಂಚು, ಇಂಥದ್ದೇನೋ. ಇದ್ದವಳು ನಾನು. ಅಂಗಡಿಯ ಬಾಗಿಲಲ್ಲಿ ನಿಂತು ಒಂದು ತುಂಡು ಬಟ್ಟೆಯನ್ನು ಬೆಳಕಿಗೆ ಹಿಡಿದಿದ್ದೆ. ಒಂದು ಕಣ್ಣು ಮುಚ್ಚಿತ್ತು. ಕೆಲಸ ಮಾಡುವಾಗ ನಾನು ಸಿಡುಕಿಯ ಹಾಗೆ ಕಾಣುತ್ತೇನೆ ಎಂದು ಎಲ್ಲರೂ ಹೇಳಿದ್ದರು, ನಾನೂ ನಂಬಿದ್ದೆ. ಆ ಮುಖದಲ್ಲಿ ಸಿಡುಕೇ ಇರಲಿಲ್ಲ. ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ಇಳಿಯಿತಾ ಅಂತ ನೋಡುವವರ ಮುಖ ಅದು. ನನ್ನ ಹಿಂದೆ ಕಪಾಟಿನ ತುಂಬ ಸುರುಳಿಗಳು, ಎಲ್ಲವೂ ಬೂದು, ಆದರೆ ಒಂದು ಬೂದಿನಂತೆ ಇನ್ನೊಂದಿಲ್ಲ. ನಾನು ಒಂದೊಂದನ್ನೂ ಗುರುತು ಹಿಡಿದೆ. ಅದು ಬದನೆಕಾಯಿ ಬಣ್ಣ, ಅದು ಈರುಳ್ಳಿ ಸಿಪ್ಪೆ, ಆ ಮೂಲೆಯದು ಇಟ್ಟಿಗೆ. ಬಣ್ಣ ಅಂದರೆ ಏನಂತ ಗೊತ್ತಿಲ್ಲದ ಮನುಷ್ಯ ಎಂದು ವರ್ಷಗಟ್ಟಲೆ ಬೈದಿದ್ದೆ. ಒಂದನ್ನೂ ಬಿಡದೆ ಅಲ್ಲಿಟ್ಟಿದ್ದರು.

"ರೀ, ಇದು ನಾನೇ ಏನ್ರೀ?" ಅಂದುಬಿಟ್ಟೆ, ತುಂಬಿದ ಸಭೆಯಲ್ಲಿ, ಗಟ್ಟಿಯಾಗಿ.

ಸಭೆ ಗೊಳ್ಳೆಂದಿತು. ಕೊನೆಯ ಸಾಲಿನಿಂದ ಯಜಮಾನರು ತಲೆ ಆಡಿಸಿದರು. ಅವರ ಕಣ್ಣಲ್ಲಿ ಹೆದರಿಕೆ ಇತ್ತು. ಅವರು ಗೋಡೆ ನೋಡುತ್ತಿರಲಿಲ್ಲ, ನನ್ನ ಬಾಯಿ ನೋಡುತ್ತಿದ್ದರು.

"ತಾಯೀ, ಅದು ಒಪ್ಪಿಗೆಯೋ, ಒಲ್ಲೆಯೋ? ನನ್ನ ಕೈ ಸೋಲ್ತಾ ಇದೆ," ಅಂದರು ಮೇಷ್ಟ್ರು, ಸುತ್ತಿಗೆ ಎತ್ತಿಕೊಂಡೇ.

"ಹೊಡೀರಿ ಮೇಷ್ಟ್ರೇ," ಅಂದೆ. "ಗಟ್ಟಿಯಾಗಿ ಹೊಡೀರಿ, ಬೀಳಬಾರ್ದು ಮತ್ತೆ."

ಮೊಳೆ ಬಿತ್ತು. ಯಜಮಾನರು ಮಗುವಿನ ಹಾಗೆ ಅತ್ತರು. ನಮ್ಮ ಬೀದಿಯವರು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು, ನಾನು ಹಿಂದೆ ಹಿಂದೆ ಕುಣಿದೆ. ಬೀದಿಯ ಮೂಲೆ ತಿರುಗಿದ್ದೇ ನನ್ನ ಕಡುಗೆಂಪು ಸೀರೆ ಇದ್ದಿಲಾಯಿತು. ಆಗ ಹೊಳೆಯಿತು ನೋಡಿ, ಎಂಥ ಕೆಲಸ ಮಾಡಿಕೊಂಡೆ ಅಂತ.

ಬೀದಿಗೆ ಮಾತ್ರ ಸಂಭ್ರಮವೋ ಸಂಭ್ರಮ. ಎಲ್ಲರೂ ಹಳೆಯ ಆಲ್ಬಮ್ಮಿನಿಂದ ಎದ್ದು ಬಂದವರ ಹಾಗೆ ಕಾಣತೊಡಗಿದರು. ಗಂಡಸರು ಕ್ರಾಪು ಬಾಚಿ ನೆಟ್ಟಗೆ ನಡೆದರು. ಹಿಟ್ಟಿನ ಗಿರಣಿಯವನು ಕೂಡ ಹೋಗಿ ಬನ್ನಿ ಅಂತ ಕೈಮುಗಿಯಲು ಶುರುಮಾಡಿದ. ವಯಸ್ಸಾದ ದಂಪತಿಗಳು ಬೇರೆ ಬೀದಿಗಳಿಂದ ಬಂದು ಜಗಲಿಯ ಮೇಲೆ ಜೋಡಿಯಾಗಿ ಕೂತು, ನೀನು ಮದುವೆಯ ದಿನ ಹೀಗೇ ಇದ್ದೆ ಕಣೇ ಅಂತ ನಾಚುತ್ತಿದ್ದರು. ಟೊಮೇಟೊ ಹಣ್ಣೋ ಕಾಯೋ ಅಂತ ಕೆನ್ನೆ ಹಿಂಡಿದ ಹಾಗೆ ಹಿಂಡಿ ನೋಡಬೇಕಾಗಿತ್ತು, ಅದಕ್ಕೂ ನಗು.

ನನ್ನ ಅಂಗಡಿಯ ಗತಿ ಬೇರೆ. ಮೊದಲ ದಿನವೇ ನೋಡಲು ಬಂದವರು ಸುರುಳಿಗಳನ್ನೆಲ್ಲ ಕೆಳಗಿಳಿಸಿ, ಬಿಳಿಯಿಂದ ಕಪ್ಪಿನವರೆಗೆ ಸಾಲಾಗಿ ಜೋಡಿಸುವ ಆಟ ಆಡಿ, ಹೇಗೋ ಹಾಗೆ ತುರುಕಿ ಹೋದರು. ಯಾವ ಖಾನೆಯಲ್ಲಿ ಯಾವ ಬಣ್ಣ ಅನ್ನುವ ನನ್ನ ಲೆಕ್ಕವೆಲ್ಲ ನೀರುಪಾಲು. ಗಿರಾಕಿಗಳು ಒಂದು ರವಿಕೆಗಾಗಿ ಬಟ್ಟೆ ಹಿಡಿದು ಬೀದಿಯ ಮೂಲೆಗೆ ಓಡಿ, ಬಣ್ಣ ನೋಡಿ, ಅಲ್ಲ ಅಂತ ವಾಪಸು ಓಡಿ ಬಂದು ಸುಸ್ತಾದರು. ಆಮೇಲೆ ಬರುವುದನ್ನೇ ಬಿಟ್ಟರು. ನಾನು ಖಾಲಿ ಅಂಗಡಿಯಲ್ಲಿ ಕೂತು ನೊಣ ಓಡಿಸಿದೆ. ಯಜಮಾನರು ಮನೆಗೆ ಬಂದರೆ ಖುಷಿಯಾಗಿದ್ದೇನೆ ಅಂತ ತೋರಿಸಿಕೊಳ್ಳುತ್ತಿದ್ದೆ, ಅವರು ಖುಷಿಯಾಗಿಲ್ಲ ಅಂತ ತೋರಿಸಿಕೊಳ್ಳುತ್ತಿದ್ದರು. ಇಬ್ಬರಿಗೂ ಅಭಿನಯ ಬರುವುದಿಲ್ಲ. ಒಂದು ಮಧ್ಯಾಹ್ನ ಅವರು, "ಹೋಗಿ ಮೊಳೆ ಕಿತ್ಹಾಕ್ಲಾ?" ಅಂದರು. ಬಹುಮಾನ ಬಂದಾಗ ಅಳದ ನಾನು ಆಗ ಅತ್ತೆ.

ಹೀಗಿರುವಾಗ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ ಸತ್ಯಪ್ರೇಮಾ ಮೇಡಂ ಬಂದರು. ನನ್ನ ಅಂಗಡಿಗೆ ಅವರು ಬಂದರೆ ನಸೀಮಾ ಮೆಷಿನ್ ನಿಲ್ಲಿಸಿ ತಮಾಷೆ ನೋಡಲು ಬರುತ್ತಿದ್ದಳು. ಒಂದು ರವಿಕೆಗೆ ಇಡೀ ಕಪಾಟು ಇಳಿಸಿ, ಒಂದು ನೂಲು ಗಾಢ, ಒಂದು ನೂಲು ತಿಳಿ ಅಂತ ಮೂಗು ಮುರಿದು ಖಾಲಿ ಕೈಯಲ್ಲಿ ಹೋಗುವ ಗಿರಾಕಿ. ಮರುದಿನ ಶಾಲೆಯ ವಾರ್ಷಿಕೋತ್ಸವ, ಸೀರೆ ಇದೆ, ರವಿಕೆ ಇಲ್ಲ.

"ಮೂಲೆಗೆ ಹೋಗಿ ಬಣ್ಣ ನೋಡ್ಕೊಂಡು ಬನ್ನಿ ಮೇಡಂ," ಅಂದೆ.

"ನನ್ನ ಮಂಡಿ ಕೇಳಲ್ಲಮ್ಮ. ಇಲ್ಲೇ ನೋಡಿ ಕೊಡು."

ಕೈಗೆ ಸಿಕ್ಕಿದ ತುಂಡನ್ನು ಸೀರೆಯ ಮೇಲಿಟ್ಟೆ. ಮೇಡಂ ಕನ್ನಡಕ ಸರಿಮಾಡಿಕೊಂಡರು. "ಹೊಂದತ್ತೆ," ಅಂದರು, ಅನುಮಾನದಿಂದ. ಇನ್ನೊಂದು ಇಟ್ಟೆ. "ಇದೂ ಹೊಂದತ್ತಲ್ಲ!" ಮತ್ತೊಂದು. "ಇದೂನೂ!" ಅವರ ದನಿ ಏರುತ್ತಾ ಹೋಯಿತು. ತಾವೇ ಕಪಾಟಿಗೆ ಕೈ ಹಾಕಿ ಎಳೆದರು, ಹೊದ್ದರು, ಹೆಗಲಿಗೆ ಹಾಕಿಕೊಂಡರು. "ಅಂಬುಜಾ, ಎಲ್ಲದಕ್ಕೂ ಎಲ್ಲವೂ ಹೊಂದತ್ತೆ ಕಣೇ! ನನ್ನ ಜನ್ಮದಲ್ಲಿ ಮೊದಲನೇ ಸಲ!" ಕಣ್ಣಲ್ಲಿ ನೀರು. ನಸೀಮಾ ಕೂತಲ್ಲೇ ಹೊಲಿದು ಕೊಟ್ಟಳು, ದಾರದ ಬಣ್ಣ ನೋಡುವ ತಾಪತ್ರಯವೂ ಇಲ್ಲದೆ. ಮೇಡಂ ಅಲ್ಲೇ ಉಟ್ಟು, ಕನ್ನಡಿ ನೋಡಿ, ರಾಣಿಯ ಹಾಗೆ ಹೊರಟರು.

ಬೀದಿಯ ಮೂಲೆಯಿಂದ ಕಿರುಚು ಕೇಳಿಸಿತು. ನಾನು, ನಸೀಮಾ ಬಿದ್ದು ಎದ್ದು ಓಡಿದೆವು. ಬಣ್ಣದ ರಸ್ತೆಯಲ್ಲಿ ಮೇಡಂ ನಿಂತಿದ್ದರು. ಸೀರೆ ಸಾಸಿವೆ ಹಳದಿ. ರವಿಕೆ ರಾಣಿ ಪಿಂಕ್. ಹೊಲಿಗೆ ಗಿಳಿಹಸಿರು. ಇಷ್ಟು ವರ್ಷದ ಹೆಸರು ಇವತ್ತಿಗೆ ಮುಗಿಯಿತು ಅಂದುಕೊಂಡೆ. ಮೇಡಂ ತಮ್ಮ ತೋಳು ನೋಡಿಕೊಂಡರು, ಸೆರಗು ನೋಡಿಕೊಂಡರು, ಮತ್ತೆ ತೋಳು ನೋಡಿಕೊಂಡರು. ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು. ಹೆಡ್‌ಮಿಸ್ ನಕ್ಕದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ. ನಕ್ಕು ನಕ್ಕು ಸೈಕಲ್ ಅಂಗಡಿಯ ಕಂಬ ಹಿಡಿದುಕೊಂಡರು. "ಅಯ್ಯೋ ದೇವರೇ, ಜಾತ್ರೆ ಮಿಠಾಯಿ ಆಗಿದೀನಲ್ಲೇ! ಬಿಡು, ಹೀಗೇ ಹೋಗ್ತೀನಿ."

ಹೀಗೇ ಹೋದರು. ವಾರ್ಷಿಕೋತ್ಸವದಲ್ಲಿ ಮಕ್ಕಳು ಚಪ್ಪಾಳೆ ನಿಲ್ಲಿಸಲಿಲ್ಲವಂತೆ. ಅದರ ಮಾರನೇ ದಿನ ನಾನು ಬಾಗಿಲು ತೆಗೆಯುವ ಮುಂಚೆಯೇ ಅಂಗಡಿಯ ಮುಂದೆ ಹೆಂಗಸರ ಸಾಲು. ಟೀಚರುಗಳು, ನರ್ಸುಗಳು, ಮದುವೆ ಗೊತ್ತಾದ ಹುಡುಗಿಯರು, ಅವರ ಅಜ್ಜಿಯರು. ನನಗೆ ಒಂದೆರಡು ಬಟ್ಟೆ ಮುಟ್ಟಿ ಗುರುತು ಸಿಕ್ಕಿ, "ಇದು ಜೇನು..." ಅಂದರೆ ಸಾಕು, "ಹೇಳ್ಬೇಡಿ ಅಕ್ಕಾ!" ಅಂತ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕಪ್ಪುಬಿಳುಪಿನಲ್ಲಿ ಆರಿಸುವುದು, ಹೊಲಿಸುವುದು, ಉಟ್ಟು ಮೂಲೆಯವರೆಗೆ ನಡೆಯುವುದು. ಆಮೇಲೆ ಕಣ್ಣು ಮುಚ್ಚಿ ಒಂದು ಹೆಜ್ಜೆ. ಆ ಹೆಜ್ಜೆಗೆ ಕಿರುಚು, ನಗು, ಕುಣಿತ. ನೋಡುವುದಕ್ಕೇ ಊರಿನ ಗಂಡಸರು ಮೂಲೆಯಲ್ಲಿ ಬೆಂಚು ಹಾಕಿಕೊಂಡರು. ನಸೀಮಾ ಇನ್ನೊಂದು ಮೆಷಿನ್ ತಂದಳು. ಊರಿನ ಬೀದಿಗಳಲ್ಲಿ ಯಾವುದಕ್ಕೆ ಯಾವುದೂ ಹೊಂದದ ಹೆಂಗಸರು ತಲೆಯೆತ್ತಿಕೊಂಡು ಓಡಾಡಿದರು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವರು ನಡೆದರೆ ಬೆರೆತ ಬಣ್ಣ ನೋಡಲು ಎರಡು ಕಣ್ಣು ಸಾಲದಂತೆ.

ನಾನು ಮಾತ್ರ ಉಡಲಿಲ್ಲ. ಊರಿಗೆಲ್ಲ ಹಂಚಿದ ಹುಚ್ಚನ್ನು ನಾನು ಮುಟ್ಟಲಿಲ್ಲ. ಮೊಳೆ ಬಿದ್ದ ಮೇಲೆ ನಾನು ಮೂಲೆ ದಾಟಿ ಬಣ್ಣದ ರಸ್ತೆಗೆ ಬಂದದ್ದೇ ಮೇಡಂ ಕಿರುಚಿದ ಆ ಒಂದು ದಿನ, ಅದೂ ತುದಿಯಿಂದ ತುದಿಗೆ ಕಪ್ಪು ಸೀರೆ, ಕಪ್ಪು ರವಿಕೆಯಲ್ಲಿ. ಅವು ಎಲ್ಲಿ ಹೋದರೂ ಕಪ್ಪೇ. ಎಲ್ಲಿ ಏನು ತಪ್ಪುತ್ತದೋ ಅನ್ನುವ ಭಯ. ಭಯ ಅಂದರೆ ಭಯ, ಸುಳ್ಳೇಕೆ ಹೇಳಲಿ.

ಯಜಮಾನರಿಗೆ ಪುರಭವನದಲ್ಲಿ ಶಾಲು ಹೊದಿಸುವ ದಿನ ಬಂತು. ಸಮಾರಂಭಕ್ಕೆ ನಾನೂ ವೇದಿಕೆಯ ಮೇಲೆ ಬರಬೇಕು ಅಂತ ಮೇಷ್ಟ್ರು ಹೇಳಿಕಳಿಸಿದ್ದರು. ಯಜಮಾನರು ಬೇಗನೆ ತಯಾರಾಗಿ, "ನೀನು ಕಪ್ಪು ಸೀರೇಲೇ ಬಾ, ಪರವಾಗಿಲ್ಲ, ನಾನು ಮೂಲೇಲಿ ನಿಂತಿರ್ತೀನಿ," ಅಂತ ಹೇಳಿ ಹೋದರು. ಪರವಾಗಿಲ್ಲ ಅಂದರಲ್ಲ, ಅದು ಚುಚ್ಚಿತು. ನಾನು ಕಪಾಟಿನಿಂದ ನವಿಲುಗೊರಳಿನ ಬಣ್ಣದ ರೇಷ್ಮೆ ಸೀರೆ ತೆಗೆದೆ, ಅದರ ಅಂಚನ್ನು ಕಣ್ಣು ಕಟ್ಟಿದರೂ ಗುರುತು ಹಿಡಿಯಬಲ್ಲೆ. ಆಮೇಲೆ ನಸೀಮಾಳ ಮುಂದೆ ಹೋಗಿ ನಿಂತೆ.

"ನಿನ್ನ ಕೈಗೆ ಯಾವ್ದು ಸಿಗತ್ತೋ ಅದ್ರಲ್ಲಿ ಒಂದು ರವಿಕೆ ಹೊಲಿ."

"ನಿಜವಾಗ್ಲೂ ಅಂಬುಜಕ್ಕ? ಆಮೇಲೆ ನನ್ನ ಬೈಬಾರ್ದು."

"ಬೈತೀನಿ. ನೀನು ಹೊಲಿ."

ಉಟ್ಟು ಹೊರಟೆ. ಬೀದಿಯ ಜನ ಜಗಲಿಗಳಿಂದ ಇಳಿದು ನನ್ನ ಹಿಂದೆ ಬಂದರು. ಮೂಲೆಗೆ ಬಂದು ನಿಂತೆ. ಆಚೆ ಬಣ್ಣದ ಬೆಳಕಿನಲ್ಲಿ ಯಜಮಾನರು ನಿಂತಿದ್ದರು. ಕಣ್ಣು ಮುಚ್ಚದೆ, ಅವರನ್ನೇ ನೋಡುತ್ತಾ ಹೆಜ್ಜೆ ಇಟ್ಟೆ.

ಹಿಂದಿನಿಂದ ಹೋ ಎಂಬ ಕೂಗು ಎದ್ದಿತು. ಬೆಂಚಿನಲ್ಲಿ ಕೂತಿದ್ದವರು ಎದ್ದು ನಿಂತರು. ಯಜಮಾನರ ಹುಬ್ಬು ಮೇಲೆ ಹೋಗಿ ಅಲ್ಲೇ ಉಳಿಯಿತು.

"ಹೇಗಿದೆ?" ಅಂದೆ.

"ನೋಡಕ್ಕಾಗ್ತಿಲ್ಲ ಕಣೇ."

"ಮತ್ತೆ ಯಾಕ್ ನೋಡ್ತಿದೀರ?"

"ಬಿಡಕ್ಕೂ ಆಗ್ತಿಲ್ಲ," ಅಂದರು, ಕ್ಯಾಮೆರಾ ಹಿಡಿದ ಕೈಯನ್ನೂ ಎತ್ತದೆ.

ಪುರಭವನದವರೆಗೆ ಅವರ ಪಕ್ಕದಲ್ಲಿ ಗದ್ದ ಎತ್ತಿಕೊಂಡು ನಡೆದೆ. ವೇದಿಕೆ ಹತ್ತಿದೆ, ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡದ್ದನ್ನು ನೋಡಿದೆ, ಸಭೆಯ ಚಪ್ಪಾಳೆ ಕೇಳಿದೆ, ಅದೇ ದಾರಿಯಲ್ಲಿ ವಾಪಸು ಬಂದು ನಮ್ಮ ಬೀದಿಯ ಬೂದು ಬೆಳಕಿನೊಳಗೆ ಹೊಕ್ಕೆ. ಇಷ್ಟರಲ್ಲಿ ಒಂದು ಸಲವೂ ತಲೆ ತಗ್ಗಿಸಿ ನನ್ನ ಮೈಮೇಲೆ ನೋಡಿಕೊಳ್ಳಲಿಲ್ಲ. ಅವತ್ತು ನಾನು ತೊಟ್ಟ ರವಿಕೆಯ ಬಣ್ಣ ಯಾವುದು ಅಂತ ಇಡೀ ಊರಿಗೆ ಗೊತ್ತು. ನಾನು ಮಾತ್ರ ಇನ್ನೂ ಯಾರನ್ನೂ ಕೇಳಿಲ್ಲ.